ದೀಪ ಹಚ್ಚುವ ಮುಂಚಿನ ಊಟ

ಹಾಸನ
೧೮ ನವೆಂಬರ್ ೧೯೬೩

ಅಕ್ಕ ಅನಸೂಯಮ್ಮನಿಗೆ ತಮ್ಮನ ನಮಸ್ಕಾರ.

…ನಿಮ್ಮ ಮನೆಯ ಗಂಡಸರು ದೀಪ ಹಚ್ಚುವ ಮುಂಚೆಯೇ ಉಂಡು ಮಲಗುತ್ತಾರೆ, ಅದು ಮನೆದೇವರ ನೇಮ ಎಂದು ನೀನು ಅಂದದ್ದು ಯಾವಾಗ? ಜಯಮ್ಮನ ತಾಯಿ ತೀರಿಕೊಂಡ ವರ್ಷವೋ, ಅದಕ್ಕೂ ಹಿಂದೆಯೋ. ಎರಡು ವಾರದಿಂದ ಆ ಮಾತೇ ತಲೆಯಲ್ಲಿದೆ. ದೇವರಾಜುವಿಗೆ ನಮ್ಮ ಜಯಮ್ಮನನ್ನು ಕೊಡು, ಲಗ್ನ ಗೊತ್ತುಮಾಡು ಎಂಬ ನಿನ್ನ ಕಾಗದಕ್ಕೆ ಉತ್ತರ ತಡವಾಯಿತು. ಬೇಸರಪಡಬೇಡ.

ನಿನ್ನ ಮಗ ದೇವರಾಜು ನಮ್ಮ ಮನೆಯಲ್ಲಿ ಸುಖವಾಗಿದ್ದಾನೆ. ಸೊಸೈಟಿಯ ಕೆಲಸ ಖಾಯಂ ಆಯಿತು. ಆದರೆ ಆಷಾಢದಲ್ಲಿ ಒಂದು ಸಂಜೆ, ನಲ್ಲಿಯ ಪೈಪಿಗೆ ತೋಡಿದ್ದ ಗುಂಡಿಗೆ ಬಿದ್ದ. ಬೀದಿದೀಪ ಅಲ್ಲೇ ಉರಿಯುತ್ತಿತ್ತು. "ಹೊಸ ಚಪ್ಲಿ ಮಾವ, ಇನ್ನೂ ದಾರಿ ಕಲ್ತಿಲ್ಲ" ಎಂದು ನಕ್ಕ. ಜಯಮ್ಮ ನಗಲಿಲ್ಲ. ಕತ್ತಲಲ್ಲಿ ಅವನಿಗೆ ಕಣ್ಣು ಕಾಣದ್ದು ಅವಳಿಗೆ ಮೊದಲೇ ತಿಳಿದಿತ್ತು ಅಂತ ಕಾಣುತ್ತದೆ.

ಇಲ್ಲಿಯ ವೈದ್ಯರು ಮೀನೆಣ್ಣೆ ಕೊಟ್ಟರು. ಪಕ್ಕದ ಬೀದಿಯ ಬೈರಯ್ಯನ ಮೊಮ್ಮಗಳಿಗೆ ಇದ್ದ ಇರುಳುಗಣ್ಣು ಅದರಿಂದಲೇ ವಾಸಿಯಾಗಿತ್ತು. ಆ ಮಗುವಿಗೆ ಸೊಪ್ಪು, ಹಾಲಿನ ಕೊರತೆ. ಇವನಿಗೆ ಏನೂ ಕೊರತೆಯಿಲ್ಲ. ಬಾಟಲಿಗಳು ಖಾಲಿಯಾದವು, ಕತ್ತಲು ಹಾಗೇ ಉಳಿಯಿತು.

ಮೈಸೂರಿಗೆ ಕರೆದುಕೊಂಡು ಹೋದೆ. ಡಾಕ್ಟರು ಕಣ್ಣಿಗೆ ಹನಿ ಹಾಕಿ, ಪಾಪೆ ಅಗಲವಾದ ಮೇಲೆ ಬೆಳಕು ಬಿಟ್ಟು ಒಳಗೆ ನೋಡಿದರು. ಕಣ್ಣಿನ ಹಿಂಬದಿಯಲ್ಲಿ ಬೆಳಕು ಹಿಡಿಯುವ ತೆಳುವಾದ ಪರದೆ ಇದೆ, ಅಕ್ಷಿಪಟಲ ಅಂತ. ಇವನದರ ಅಂಚಿನಲ್ಲೆಲ್ಲ ಕಪ್ಪು ಚುಕ್ಕೆ. ನೋಟ ಅಂಚಿನಿಂದ ನಡುವಿಗೆ ಕಿರಿದಾಗುತ್ತ ಬರುತ್ತದಂತೆ. ವಂಶದಿಂದ ಬಂದದ್ದು. ಔಷಧವಿಲ್ಲ, ಇದೆ ಎಂದು ಸೂಜಿ ಚುಚ್ಚುವವರನ್ನು ನಂಬಬೇಡಿ ಎಂದರು.

"ಅಂಗಾರೆ ಕುಲ್ಡ ಆಗ್ತೀನಾ ಸಾ?" ಎಂದು ಕೇಳಿದ ದೇವರಾಜು.

"ಆಗಬಹುದು. ಆದರೆ ನಿಧಾನವಾಗಿ. ನಡುವಿನ ನೋಟ ಬಹಳ ವರ್ಷ ಇರುತ್ತೆ. ಅಷ್ಟರಲ್ಲಿ ಕಲಿಯೋದನ್ನ ಕಲಿತುಕೋ."

ಆಮೇಲೆ ನನ್ನ ಕಡೆ ತಿರುಗಿದರು. ಇವನ ತಂದೆತಾಯಿ ಸಂಬಂಧಿಕರೇ? ನನ್ನ ಅಕ್ಕನನ್ನು ಸೋದರತ್ತೆಯ ಮಗನಿಗೇ ಕೊಟ್ಟದ್ದು ಎಂದೆ. ಇವನಿಗೆ ಹೆಣ್ಣು? ನನ್ನ ಮಗಳು ಎಂದೆ. ಮತ್ತೆ ರಕ್ತಕ್ಕೆ ರಕ್ತ ಕೂಡಿಸಬೇಡಿ, ಹುಟ್ಟುವ ಮಕ್ಕಳಿಗೂ ಬಂದೀತು ಎಂದರು.

ಭಾನುವಾರ ಮಗನನ್ನು ನೋಡಲು ಚನ್ನಪ್ಪ ಭಾವ ಬಂದಿದ್ದರು. "ನೇಮವ ರೋಗ ಅಂತೀಯೇನ್ಲಾ ಮೇಷ್ಟ್ರೇ? ನಮ್ಮಪ್ಪ, ನಮ್ ತಾತ ಎಲ್ಲಾ ಒತ್ತು ಮುಳುಗೋಕ್ ಮುಂಚೆ ಉಂಡೋರೇಯ. ಯಾವನ್ ಕೆಟ್ಟ? ನಿಮ್ಮಪ್ಪನೂ ಅಂಗೇ ಅಲ್ವೇನ್ಲಾ!"

"ಅದಕ್ಕೇ ಬೇಡ ಅನ್ನೋದು ಭಾವ" ಎಂದೆ.

ಕಾಫಿಯನ್ನೂ ಮುಟ್ಟದೆ ಮಧ್ಯಾಹ್ನದ ಬಸ್ಸಿಗೇ ಎದ್ದರು. ಕತ್ತಲಿಗೆ ಮುಂಚೆ ನಿಮ್ಮೂರು ಹಳ್ಳಿಮೈಸೂರು ಸೇರಬೇಕಲ್ಲ.

ಅಕ್ಕ, ಜಯಮ್ಮನನ್ನು ಕೊಡುವುದಿಲ್ಲ. ದೇವರಾಜುವನ್ನು ಬಿಡುವುದೂ ಇಲ್ಲ. ಟಾರ್ಚು ಕೊಡಿಸಿದ್ದೇನೆ, ಸೈಕಲ್ಲು ಹತ್ತುವುದನ್ನು ನಿಲ್ಲಿಸಿದ್ದೇನೆ. ಬೆರಳಿನಿಂದ ಓದುವ ಅಕ್ಷರವನ್ನು ಕಣ್ಣಿರುವಾಗಲೇ ಕಲಿಯಲಿ. ಜೊತೆಗೆ ನಾನೂ ಕಲಿಯುತ್ತೇನೆ. ನೀನು ಉಳಿದ ಮಕ್ಕಳನ್ನು ಕರೆದುಕೊಂಡು ಬಾ, ಮೈಸೂರಿಗೆ ಹೋಗಿ ತೋರಿಸೋಣ. ಭಾವ ಒಪ್ಪದಿದ್ದರೂ ಬಾ.

ಮಕ್ಕಳಿಗೆಲ್ಲ ನನ್ನ ಆಶೀರ್ವಾದ. ಸಿಟ್ಟಿದ್ದರೂ ನಿನ್ನ ಆಶೀರ್ವಾದ ನಮ್ಮ ಮೇಲಿರಲಿ.

ನಿನ್ನ ತಮ್ಮ,
ಪುಟ್ಟಸ್ವಾಮಿ

ಇನ್ನೊಂದು ಮಾತು: ಇದನ್ನು ಜಯಮ್ಮನಿಗೆ ಓದಿ ಹೇಳಿದೆ. ಕೊನೆಯವರೆಗೂ ಕೇಳಿ, "ರೋಗ ಬರೋದು ಮಕ್ಕಳಿಗೆ ತಾನೇ? ಮಕ್ಕಳೇ ಬೇಡ ಅಂದ್ರೆ, ಅಪ್ಪ?" ಎಂದಳು. ಅವಳ ತಾಯಿ ಚಿಕ್ಕಲಕ್ಷ್ಮಿ ಎರಡನೆಯ ಹೆರಿಗೆಯಲ್ಲಿ ಹೋದದ್ದನ್ನು ನೀನು ಕಂಡಿದ್ದೀಯ. ಗಂಡು ಮಗು ಬೇಕು ಎಂದು ಮನೆಯವರೆಲ್ಲ ಅಂದರು. ಅವಳನ್ನು ಯಾರೂ ಕೇಳಲಿಲ್ಲ. ಚಿಕ್ಕಲಕ್ಷ್ಮೀ, ಕೇಳಿದ್ದರೆ ನೀನೂ ಬೇಡ ಅನ್ನುತ್ತಿದ್ದೆಯಾ?