ಒಣ ಹೊಳೆಯಲ್ಲಿ ನಿಲ್ಲಿಸಿದ ವ್ಯಾನು

ಇಬ್ರಿ, ಒಮಾನ್
12 ಮಾರ್ಚ್ 1999, ಶುಕ್ರವಾರ

ಪ್ರೀತಿಯ ಲೋಲಾಕ್ಷಿ ಅಕ್ಕನಿಗೆ ತಮ್ಮ ಕೊಗ್ಗನ ನಮಸ್ಕಾರ.

ನಿನ್ನ ಮೊಣಕಾಲು ಹೇಗಿದೆ? ಹಾಜಬ್ಬ ಊರಿಗೆ ಹೊರಟಿದ್ದಾನೆ, ಅವನ ಕೈಯಲ್ಲಿ ನೋವಿನ ಎಣ್ಣೆ ಕಳಿಸಿದ್ದೇನೆ. ಮಲಗುವಾಗ ಮಾತ್ರ ಹಚ್ಚು, ಹಗಲು ಹಚ್ಚಿದರೆ ಅಡುಗೆಮನೆಯೆಲ್ಲ ಅದರದೇ ವಾಸನೆ. ಭಾವನ ಕೆಮ್ಮು ಇಳಿಯಿತೇ? ನಾನೂ ನಿನ್ನ ಮಗ ಲಕ್ಷಿತನೂ ಕೈಕಾಲು ನೆಟ್ಟಗಿದ್ದು ಕ್ಷೇಮ. ಮುಂದಿನದನ್ನು ಓದುವಾಗ ನೀನು ಎದೆ ಹಿಡಿದುಕೊಳ್ಳಬಾರದೆಂದು ಇದನ್ನು ಮೊದಲೇ ಬರೆದೆ. ಬಿಸು ಹಬ್ಬಕ್ಕೆ ಮಗ ಮನೆಯಲ್ಲಿರಬೇಕು, ಇನ್ನು ಅಲ್ಲಿ ಇಟ್ಟುಕೊಳ್ಳಬೇಡ ಎಂದು ನೀನು ಬರೆದದ್ದೂ ತಲುಪಿತು.

ಖರ್ಚು ಮೊದಲು ಹೇಳಿಬಿಡುತ್ತೇನೆ. ಒಂದು ವ್ಯಾನು, ಸೆಕೆಂಡ್ ಹ್ಯಾಂಡ್, ಆದರೆ ಸೀಟಿನ ಕವರು ಹೊಸದು. ಇಡ್ಲಿ ತುಂಬಿದ ಡಬ್ಬಗಳು, ಸಾಂಬಾರಿನ ದೊಡ್ಡ ಪಾತ್ರೆ, ಸಹಮ್‌ನಿಂದ ಬಂದಿದ್ದ ಬ್ಯಾಂಕಿನವರ ಹೆಂಡತಿ ಪ್ಯಾಟ್ರಿಷಿಯಾ ವ್ಯಾನಿನಲ್ಲಿ ಬಿಟ್ಟಿದ್ದ ಎತ್ತರದ ಚಪ್ಪಲಿ, ಮತ್ತೆ ಈ ಊರಿನಲ್ಲಿ ಬುದ್ಧಿವಂತ ಅನ್ನಿಸಿಕೊಂಡಿದ್ದ ನನ್ನ ಹೆಸರು. ಎಲ್ಲವೂ ಒಂದೇ ಮಧ್ಯಾಹ್ನ ನೀರಿನಲ್ಲಿ ಹೋಯಿತು.

ಮರುಭೂಮಿಯಲ್ಲಿ ಎಲ್ಲಿಯ ನೀರು ಎಂದು ಕೇಳುತ್ತೀ. ಕಚ್ಚಾ ಎಣ್ಣೆಯ ಬೆಲೆ ಬಿದ್ದಮೇಲೆ ಎಣ್ಣೆ ಕಂಪನಿಗಳ ಕ್ಯಾಂಪುಗಳು ಖಾಲಿಯಾದವು, ನನ್ನ ಹೋಟೆಲಿನ ಬೆಂಚುಗಳೂ ಖಾಲಿ. ಆಗ ಲಕ್ಷಿತನೇ ದಾರಿ ತೋರಿಸಿದ. "ಮಾವ, ಸಹಮ್, ಸುವೈಕ್ ಕಡೆಯ ನಮ್ಮವರು ಶುಕ್ರವಾರ ಟೀವಿ ಮುಂದೆ ಕೂತಿರುತ್ತಾರೆ. ಕರೆದುಕೊಂಡು ಬಂದು ಇಲ್ಲಿನದನ್ನು ತೋರಿಸುವ." "ಇಲ್ಲಿ ನೋಡಲಿಕ್ಕೆ ಏನುಂಟು ಮಾರಾಯ, ಕಲ್ಲು" ಎಂದೆ ನಾನು. ಕಲ್ಲೇ ಹೌದು. ಸುಲೈಫ್‌ನ ಪಾಳುಬಿದ್ದ ಕೋಟೆ, ಬಾತ್‌ನ ದುಂಡು ಗೋರಿಗಳು, ಅಲ್ ಐನ್‌ನ ದಿಣ್ಣೆಯ ಮೇಲೆ ಜೇನುಗೂಡಿನ ಹಾಗೆ ಸಾಲಾಗಿ ಕಟ್ಟಿದ ಇನ್ನಷ್ಟು ಗೋರಿಗಳು. ಸಾವಿರಾರು ವರ್ಷ ಹಳೆಯವಂತೆ. ಅವುಗಳ ಬೆನ್ನಿಗೆ ಮಿಶ್ತ್ ಬೆಟ್ಟ. ಮಿಶ್ತ್ ಅಂದರೆ ಬಾಚಣಿಗೆ. ಆ ಬೆಟ್ಟದ ಕಡೆಯ ರಸ್ತೆಯಲ್ಲಿ ಎಷ್ಟು ವರ್ಷ ಮೈದಾ ಮೂಟೆ ತಂದಿದ್ದೇನೋ, ಒಮ್ಮೆಯೂ ಕತ್ತೆತ್ತಿ ನೋಡಿದವನಲ್ಲ. ಲಕ್ಷಿತ ಮಾತ್ರ ರಜೆ ಸಿಕ್ಕಿದಾಗೆಲ್ಲ ನಮ್ಮ ಕಫೀಲರ ಮಗ ನಾಸರನ ಜೊತೆ ಅಲ್ಲೆಲ್ಲ ಸುತ್ತುತ್ತಿದ್ದ. ಕಫೀಲ್ ಅಂದರೆ ಗೊತ್ತಲ್ಲ, ಹೋಟೆಲಿನ ಲೈಸೆನ್ಸೂ ನಮ್ಮ ವೀಸಾವೂ ಯಾರ ಹೆಸರಿನಲ್ಲಿವೆಯೋ ಆ ಸಯೀದ್ ಸಾಹೇಬರು. "ಗೋರಿ ನೋಡಿದರೆ ಹೊಟ್ಟೆ ತುಂಬುತ್ತದಾ" ಎಂದು ಅವನಿಗೆ ಬೈದದ್ದಕ್ಕೆ ಲೆಕ್ಕವಿಲ್ಲ.

ಕೊನೆಗೆ ಅವನ ಮಾತಿಗೆ ಒಪ್ಪಿ ವ್ಯಾನು ಕೊಂಡೆ, ಮೊದಲ ಕೆಲವು ವಾರ ಶುಕ್ರವಾರದ ಪ್ರವಾಸ ಚೆನ್ನಾಗಿಯೇ ನಡೆಯಿತು. ಕಳೆದ ಶುಕ್ರವಾರ ಹೊರಡುವಾಗ ಸಯೀದ್ ಸಾಹೇಬರು ಬಾಗಿಲಿಗೆ ಬಂದು, "ಕೊಗ್ಗ, ಬೆಟ್ಟದ ಆಚೆ ಮೋಡ ಇದೆ, ವಾದಿಯಲ್ಲಿ ಗಾಡಿ ನಿಲ್ಲಿಸಬೇಡ" ಎಂದರು. ವಾದಿ ಅಂದರೆ ಒಣಗಿದ ಹೊಳೆ. ನಾನು ನಕ್ಕುಬಿಟ್ಟೆ. "ಆಟಿ ತಿಂಗಳ ಜಡಿಮಳೆಯಲ್ಲಿ ಹುಟ್ಟಿದವನಿಗೆ ಮಳೆ ಹೇಳಿಕೊಡುತ್ತೀರಾ ಸಾಹೇಬರೇ" ಎಂದೆ. ನಮ್ಮ ಕಡೆಯ ಕ್ರಮ ನಿನಗೆ ಗೊತ್ತುಂಟಲ್ಲ ಅಕ್ಕ. ತಲೆಯ ಮೇಲೆ ಮೋಡ ಕಟ್ಟಬೇಕು, ಗಾಳಿ ತಿರುಗಬೇಕು, ಕಪ್ಪೆ ಕೂಗಬೇಕು, ಮಳೆ ಹೊಯ್ಯಬೇಕು. ಹೊಳೆ ಏರುವುದು ಅದಕ್ಕೂ ಆಮೇಲೆ. ನನ್ನ ತಲೆಯ ಮೇಲೆ ಸುಡುಬಿಸಿಲು. ಅಲ್ ಐನ್‌ನ ದಿಣ್ಣೆಯ ಕೆಳಗೆ ವಾದಿಯೊಳಗೆ ಒಳ್ಳೆಯ ಮರದ ನೆರಳಿತ್ತು. ಅಲ್ಲೇ ನಿಲ್ಲಿಸಿ ಸ್ಟೌ ಹಚ್ಚಿದೆ. "ಮಾವ, ನೀವೂ ಒಮ್ಮೆ ಮೇಲೆ ಬನ್ನಿ" ಎಂದು ಲಕ್ಷಿತ ಕರೆದ. ಸಾಂಬಾರು ಯಾರು ನೋಡಿಕೊಳ್ಳುವುದು ಎಂದೆ. ಅವನು ಬಂದವರೆಲ್ಲರನ್ನೂ ಗೋರಿಗಳ ದಿಣ್ಣೆಗೆ ಹತ್ತಿಸಿಕೊಂಡು ಹೋದ.

ದೂರದಲ್ಲಿ ಲಾರಿಗಳ ಸಾಲು ಬಂದ ಹಾಗೆ ಸದ್ದು. ತಿರುಗಿ ನೋಡುವಷ್ಟರಲ್ಲಿ ಕೆಂಪು ನೀರು ಮೊಣಕಾಲಿಗೆ ಬಂತು. ಮಳೆ ಎಲ್ಲೋ ಬೆಟ್ಟದ ಹಿಂದೆ ಹೊಯ್ದಿತ್ತು. ನಾನು ಮಾಡಿದ್ದೇನು ಗೊತ್ತಾ, ಸಾಂಬಾರಿನ ಪಾತ್ರೆ ತಬ್ಬಿಕೊಂಡೆ. ಲಕ್ಷಿತ ದಿಣ್ಣೆಯಿಂದ ಓಡಿ ಇಳಿದು, "ಬಿಡಿ ಮಾವ, ಅದನ್ನು ಬಿಡಿ" ಎಂದು ಕೈಗೆ ಹೊಡೆದು ಬಿಡಿಸಿ, ಅಂಗಿ ಹಿಡಿದು ಮೇಲಕ್ಕೆ ಎಳೆದ. ವ್ಯಾನು ನಮಗೆ ಹೇಳದೆ ಪೇಟೆಗೆ ಹೊರಟ ಹಾಗೆ ಅಡ್ಡಡ್ಡ ತೇಲಿಕೊಂಡು ಹೋಯಿತು.

ನೀರು ಇಳಿಯುವವರೆಗೆ ಎಲ್ಲರೂ ಗೋರಿಗಳ ಪಕ್ಕ ಕೂತೆವು. ಬೆಟ್ಟವನ್ನು ನಾನು ಸರಿಯಾಗಿ ನೋಡಿದ್ದು ಆಗಲೇ. ಬಿಸಿಲು ಇಳಿದಂತೆ ಅದರ ಹಲ್ಲುಗಳು ಒಂದೊಂದಾಗಿ ಕೆಂಪಾದವು. ಒದ್ದೆ ಬಟ್ಟೆಯಲ್ಲೇ ಲಕ್ಷಿತ, ಹೆದರಿದ್ದ ಮಕ್ಕಳಿಗೆ ಆ ಕಲ್ಲುಗಳನ್ನು ಗಾರೆಯಿಲ್ಲದೆ ಹೇಗೆ ಜೋಡಿಸಿದರೆಂದು ಹೇಳುತ್ತಿದ್ದ. ಅಳು ನಿಂತಿತ್ತು. ಪ್ಯಾಟ್ರಿಷಿಯಾ ನನ್ನನ್ನು ನೋಡಿ, "ಇನ್ನೊಮ್ಮೆ ಬರುತ್ತೇವೆ ಕೊಗ್ಗಣ್ಣ, ಅವನಿದ್ದರೆ ಸಾಕು. ನೀವು ಇಡ್ಲಿ ಮಾತ್ರ ಕಳಿಸಿ" ಎಂದಳು. ಎಲ್ಲರೂ ನಕ್ಕರು, ನಾನೂ ನಕ್ಕೆ. ಆದರೆ ಅವನು ಕರೆದ ಯಾವುದೋ ಒಂದು ಶುಕ್ರವಾರವಾದರೂ ಅವನ ಹಿಂದೆ ಹೋಗಿದ್ದರೆ ಎಂಬುದು ಈಗಲೂ ಒಳಗೆ ಕೊರೆಯುತ್ತಿದೆ. ಅವನು ಕಲಿಯುತ್ತಿದ್ದುದನ್ನು ನಾನು ಸೋಮಾರಿತನ ಎಂದುಕೊಂಡಿದ್ದೆ.

ಸಯೀದ್ ಸಾಹೇಬರು ವ್ಯಾನಿನ ಸುದ್ದಿ ಕೇಳಲಿಲ್ಲ. "ಜನ ಎಲ್ಲ ಇದ್ದಾರಾ" ಎಂದರು. ಇದ್ದಾರೆ ಎಂದೆ. "ಖಲಾಸ್, ಅಷ್ಟು ಸಾಕು" ಎಂದು ಕಾಫಿ ಬಗ್ಗಿಸಿದರು. ಹೋಟೆಲನ್ನು ಈ ತಿಂಗಳ ಕೊನೆಗೆ ಮುಚ್ಚುತ್ತಿದ್ದೇನೆ.

ಭಾವನಿಗೆ ನಮಸ್ಕಾರ, ತೃಷಾಳಿಗೆ ಆಶೀರ್ವಾದ. ಅವಳಿಗೆ ಕಳಿಸಿದ ಬಟ್ಟೆ ಅಳತೆಗೆ ಸರಿಯಾಗದಿದ್ದರೆ ನನ್ನನ್ನು ಬೈಯಬೇಡ, ಆರಿಸಿದವನು ಅವಳ ಅಣ್ಣ.

ನಿನ್ನ ತಮ್ಮ
ಕೊಗ್ಗ

ತಾ.ಕ.: ಹಾಜಬ್ಬನ ಟ್ಯಾಕ್ಸಿ ಹೊರಗೆ ಹಾರ್ನ್ ಹೊಡೆಯುತ್ತಿದೆ. ಅಕ್ಕ, ಬಿಸುವಿಗೆ ಬರುವವನು ನಾನು, ಲಕ್ಷಿತ ಅಲ್ಲ. ನಾಸರ್ ಯುರೋಪಿನ ಪ್ರವಾಸಿಗರಿಗೆ ಈ ಜಾಗಗಳನ್ನು ತೋರಿಸುವ ಕೆಲಸ ಶುರುಮಾಡಿದ್ದಾನೆ, ಇವನನ್ನು ಬಿಡುವುದಿಲ್ಲ ಎನ್ನುತ್ತಾನೆ. "ಅಮ್ಮನಿಗೆ ಹೇಳುವ ಧೈರ್ಯ ನನಗಿಲ್ಲ, ನೀವೇ ಬರೆಯಿರಿ" ಎಂದ ನಿನ್ನ ಮಗ. ಊರಿಗೆ ಹೋಗು ಎನ್ನಲು ನನಗೆ ಬಾಯಿ ಬರಲಿಲ್ಲ. ಲಾಭವನ್ನೂ ಕೂಡಿಸಿ ನೋಡಿದೆ. ನಾಸರನಿಗೆ ಒಬ್ಬ ಜೊತೆಗಾರ. ಲಕ್ಷಿತನಿಗೆ ಮನಸ್ಸಿಗೆ ಹಿಡಿಸಿದ ಕೆಲಸ. ನನಗೆ ಜೀವ. ನಿನಗೆ, ಮಗನ ಬದಲು, ನಾನು.