ತುಳಿಯದ ಹೊಲದ ಹುಲ್ಲು

ಭಾವನವರಿಗೆ ನಾದಿನಿಯ ನಮಸ್ಕಾರ. ದೇವರ ದಯದಿಂದ ನಾನು ಚೆನ್ನಾಗಿದ್ದೇನೆ.

ಮರಳು ಹೊಲದಲ್ಲಿ ಹುಲ್ಲು ಅಲ್ಲಲ್ಲಿ ಮಾತ್ರ ಬಂದಿದೆ ಎಂದು ಬರೆದಿದ್ದಕ್ಕೆ, ಎಲ್ಲ ಉತ್ತು ಹಾಕು ಎಂದು ತಿಳಿಸಿದ್ದೀರಿ. ಉಳಲಿಲ್ಲ, ಕ್ಷಮಿಸಿ. ನಮ್ಮ ಹುಲ್ಲಿನ ಬೀಜ ಹಗುರ. ಚೆಲ್ಲಿದ ಮೇಲೆ ಕಾಲಿನಿಂದ ತುಳಿದು ಮರಳಿಗೆ ಒತ್ತದಿದ್ದರೆ ಮೊಳೆಯುವುದಿಲ್ಲ. "ತುಳೀದೆ ಬಿಟ್ಟ ಬೀಜ ಗಾಳಿ ಪಾಲು ಕಣೇ" ಎಂದು ಅಕ್ಕನೇ ಕಲಿಸಿದ್ದಳು. ಹೋದ ವರ್ಷ ಬೀಜ ಚೆಲ್ಲಿದ ಸಂಜೆಯೇ ನನಗೆ ಜ್ವರ ಬಂದು ತುಳಿಯಲಾಗಲಿಲ್ಲ. ಬೆಳಿಗ್ಗೆ ನೀವು, "ನಿನ್ನಕ್ಕ ಜಗಳ ಆಡ್ಕೊಂಡು ಬಸ್ಸು ಹತ್ತಿ ಹೋದ್ಲು" ಎಂದಿರಿ. ಅಂದೇ ಮಳೆ ಹಿಡಿಯಿತು. ನಾನು ಏಳುವಷ್ಟರಲ್ಲಿ ತುಳಿಯುವ ಹದ ಮೀರಿತ್ತು.

ಹೋದ ವರ್ಷ ಎಳೆ ಗರಿಯಲ್ಲಿ ಗೊತ್ತಾಗಲಿಲ್ಲ, ಈಗ ಹುಲ್ಲು ಹೆಜ್ಜೆಯ ಆಕಾರದಲ್ಲೇ ಎದ್ದಿದೆ. ಎರಡು ಸಾಲು ಹಾಳುಬಾವಿಯ ಕಡೆ ಹೋಗಿವೆ. ಒಂದು ಚಿಕ್ಕ ಪಾದ. ಇನ್ನೊಂದು ದೊಡ್ಡದು, ಎಡಗಾಲು ಹೊರಕ್ಕೆ ತಿರುಗಿದ್ದು. "ನಿಮ್ ಭಾವಂದು ಬಾತುಕೋಳಿ ನಡಿಗೆ" ಎಂದು ಅಕ್ಕ ನಗುತ್ತಿದ್ದಳಲ್ಲ, ಹಾಗೆ. ಮನೆಯ ಕಡೆಗೆ ದೊಡ್ಡ ಪಾದ ಮಾತ್ರ ವಾಪಸು ಬಂದಿದೆ. ಗಾಳಿ ಬೀಸಿದರೆ ಆ ಸಾಲು ನಡೆದು ಬಂದಂತೆಯೇ ಕಾಣುತ್ತದೆ. ದೇವರ ನಾಮ ಹೇಳುತ್ತ ಬಾಗಿಲು ಮುಂದೆ ಮಾಡುತ್ತೇನೆ.

ನೀವೇ ಬಂದು ಉತ್ತು ಹಾಕಿದರೂ ಅದು ಪೂರ್ತಿ ಸಾಯುವ ಹುಲ್ಲಲ್ಲ. ಬೇರು ಮೊಳಗಟ್ಟಲೆ ಇಳಿದಿದೆ, ವರ್ಷವರ್ಷವೂ ಅಲ್ಲೇ ಚಿಗುರುತ್ತದೆ. ಗುರುವಾರ ಪೊಲೀಸರು ಬರುತ್ತಾರೆ. ಅದಕ್ಕೆ ಮುಂಚೆ ನೀವೇ ಬಂದು ಬಾಯಿಬಿಟ್ಟರೆ ದೇವರೆದುರು ಭಾರ ಇಳಿದೀತು. ಬಾವಿಗಿಳಿಯಲು ಹಗ್ಗ ಇಲ್ಲೇ ಇದೆ, ನೀವು ತರುವುದು ಬೇಡ.

ಇಂತಿ,
ನಿಮ್ಮ ಹೆಂಡತಿಯ ಬೆನ್ನಿಗೆ ಹುಟ್ಟಿದವಳು