ಸ್ನೇಹಾಳ ಕಿವಿಯ ಹತ್ತಿ

ಫೆಬ್ರುವರಿ 3, ಮಂಗಳವಾರ
ಮಗಳ ಕಿವಿ ಮತ್ತೆ ಸೋರಿದೆ. ಆರು ತಿಂಗಳಲ್ಲಿ ಐದನೇ ಸಲ. ನಾನು ಸ್ಕೂಲಿನಿಂದ ಬರುವಷ್ಟರಲ್ಲಿ ಅತ್ತೆ ಬೆಳ್ಳುಳ್ಳಿ ಎಣ್ಣೆ ಕಾಯಿಸಿ ಕಿವಿಗೆ ಬಿಟ್ಟಾಗಿತ್ತು. ಮನೆಯೆಲ್ಲ ಒಗ್ಗರಣೆ ವಾಸನೆ. ನಮ್ಮತ್ತೆ ಗದಿಗೆವ್ವನವರ ದವಾಖಾನೆ! ಓದಿದ್ದು ಮೂರನೇ ಇಯತ್ತೆ, ಗತ್ತು ಎಂಬಿಬಿಎಸ್.

ಗಂಡ ಬ್ಯಾಡಗಿ ಮಾರ್ಕೆಟ್ಟಿನಿಂದ ಮೆಣಸಿನಕಾಯಿ ಘಾಟಿಗೆ ಸೀನುತ್ತಾ ಬಂದರು, ಉಂಡರು. ಕರೆದರೆ ಸ್ನೇಹಾ ತಿರುಗುವುದಿಲ್ಲ ಅಂದೆ. "ಹಠಮಾರಿ ಅದಾಳ, ನಿನ್ನಂಗ." ಭಾರೀ ಶಾಣ್ಯಾರು.

ಫೆಬ್ರುವರಿ 21, ಶನಿವಾರ
ರಾಣೆಬೆನ್ನೂರಿನ ಕಿವಿ ಡಾಕ್ಟರ ಹತ್ತಿರ ಒಯ್ದೆ. ಕಿವಿಯ ಪರದೆ ಹಿಂದೆ ನೀರು ಅಂಟಿನಂತೆ ನಿಂತಿದೆಯಂತೆ. ಐದು ವರ್ಷದ ಹುಡುಗಿಗೆ ಅರ್ಧ ಕೇಳಿಸುತ್ತಿಲ್ಲ. ಪರದೆಯಲ್ಲಿ ಸಣ್ಣ ನಳಿಗೆ ಕೂಡಿಸಬೇಕು — ಗ್ರೊಮೆಟ್. ತಡವಾದರೆ ಮಾತೂ ಹಿಂದೆ ಬೀಳುತ್ತದೆ.

ಅತ್ತೆ: "ಕಿವ್ಯಾಗ ತೂತು ಹಾಕ್ತಾರಂತ? ನಮ್ಮ ಮನ್ಯಾಗ ಯಾರಿಗೂ ಹಾಕಿಲ್ಲ." ನಿಮ್ಮ ಮನೆಯಲ್ಲಿ ಯಾರು ಯಾರ ಮಾತು ಕೇಳಿದ್ದಾರೆ!

ಮಾರ್ಚ್ 4, ಬುಧವಾರ
ಆಪರೇಶನ್ ಆಯಿತು. ಇಪ್ಪತ್ತು ನಿಮಿಷ. ಡಿಸ್ಚಾರ್ಜಿನ ಹೊತ್ತಿಗೆ ಹೆಡ್ ಮಾಸ್ತರರ ಫೋನು — ಪರೀಕ್ಷೆ ಪೇಪರು ಎಲ್ಲಿ? ಹೊರಗೆ ಹೋದೆ. ಡಾಕ್ಟರು ಜೊತೆಗೆ ಬಂದಿದ್ದ ಅತ್ತೆಗೇ ಏನೋ ತಿಳಿಸುತ್ತಿದ್ದರು. ಗೋಡೆಗೆ ಹೇಳಿದಂತೆ. ನನಗೆ ಗೊತ್ತಿದ್ದಷ್ಟು ಸಾಕು: ನೀರು, ಎಣ್ಣೆ ಒಂದು ಹನಿಯೂ ಕಿವಿಗೆ ಬೀಳಬಾರದು.

ದಾರಿಯಲ್ಲಿ ಸ್ನೇಹಾ: "ಮಮ್ಮಿ, ಬಸ್ಸು ಎಷ್ಟ ಒದರತೈತಿ!" ಅತ್ತೆ ಕಿಟಕಿ ಕಡೆ ತಿರುಗಿ ಕಣ್ಣೊರೆಸಿಕೊಂಡರು. ನಾಟಕ.

ಮಾರ್ಚ್ 19, ಯುಗಾದಿ
ಎಣ್ಣೆ ಹಚ್ಚಿ ಎರೆಯುವ ದಿನ. ಬೇವಿನ ಹೂ ತರಲು ಹೋಗಿದ್ದೆ, ಹತ್ತೇ ನಿಮಿಷ. ಬಂದರೆ ಬಚ್ಚಲಲ್ಲಿ ಸ್ನೇಹಾ. ತಲೆ ತುಂಬ ಎಣ್ಣೆ, ಎರಡೂ ಕಿವಿಯಲ್ಲಿ ಜಿಡ್ಡು ಹತ್ತಿ.

ತಲೆ ಕೆಟ್ಟಿತು. ಬಾಯಿಗೆ ಬಂದದ್ದೆಲ್ಲ ಅಂದೆ. ಹೆಬ್ಬೆಟ್ಟು, ತಿಳಿಗೇಡಿ, ಕೂಸಿನ ಕಿವಿ ತೆಗೆಯೋಕೇ ನಿಂತೀರಿ. ಅತ್ತೆ ತಂಬಿಗೆ ಹಿಡಿದು ನಿಂತೇ ಇದ್ದರು.

ಸ್ನೇಹಾ ಅಳುತ್ತ: "ಅಜ್ಜಿಗೆ ಬೈಬ್ಯಾಡ. ಅದು ವ್ಯಾಸಲಿನ್ ಹತ್ತಿ. ನೀರು ಹೋಗಬಾರದಂತ ಡಾಕ್ಟರು ಹೇಳ್ಯಾರ. ನೀ ಫೋನಿನ್ಯಾಗ ಇದ್ದಿ."

ಫೈಲು ತೆಗೆದೆ. ಹದಿನೈದು ದಿನ ಬಿಚ್ಚಿರಲಿಲ್ಲ. ಡಾಕ್ಟರ ಚೀಟಿಯಲ್ಲಿ ಅದೇ ಇದೆ: ಸ್ನಾನಕ್ಕೆ ಮೊದಲು ವ್ಯಾಸಲಿನ್ ಹಚ್ಚಿದ ಹತ್ತಿ.

ಅದೇ ದಿನ, ಸಂಜೆ 5
"ಮಮ್ಮಿ, ತಿಳಿಗೇಡಿ ಅಂದ್ರ ಏನ?"

ತಿಂಗಳುಗಟ್ಟಲೆ ಅತ್ತೆಗೆ ಹಾಗೆ ಅವಳೆದುರೇ ಅಂದಿದ್ದೇನೆ. ಆಗ ಸರಿಯಾಗಿ ಕೇಳಿಸುತ್ತಿರಲಿಲ್ಲ. ಕೇಳಿಸಲಿ ಅಂತ ನಾನೇ ಓಡಾಡಿದೆ.

ಅತ್ತೆ ಬೆಳಗಿನಿಂದ ಹೋಳಿಗೆ ಮುಟ್ಟಿಲ್ಲ. ಹೋಗಿ ಹೇಳಬೇಕು. ಸ್ನೇಹಾಳ ಎದುರೇ ಹೇಳಬೇಕು. ತಪ್ಪಾಯಿತು, ತಿಳಿಗೇಡಿ ನಾನೇ ಅಂತ.